ಚಳಿಗಾಲದ ರೈಲು ಛಾಯಾಗ್ರಹಣ: ಲೋಂಡಾ ದಾರಿಯೋ, ಆಲಮಟ್ಟಿ ದಾರಿಯೋ?

ಡಿಸೆಂಬರ್‌ನಲ್ಲಿ ನಿಲ್ದಾಣ, ಸಿಗ್ನಲ್‌ಗಳ ಚಿತ್ರ ತೆಗೆಯಲು ಒಂದೇ ದಿನ ಸಿಕ್ಕಿದ್ದರೆ, ಬೆಳಗಾವಿಯಿಂದ ಖಾನಾಪುರದ ಮೂಲಕ ಲೋಂಡಾಕ್ಕೆ ಹೋಗಬೇಕೋ ಅಥವಾ ವಿಜಯಪುರದಿಂದ ಆಲಮಟ್ಟಿಯ ಮೂಲಕ ಬಾಗಲಕೋಟೆಗೆ ಹೋಗಬೇಕೋ ಎಂಬುದನ್ನು ಬೆಳಕನ್ನು ನೋಡಿ ನಿರ್ಧರಿಸಬೇಕು.

ಲೋಂಡಾ ದಾರಿ ಕಾಡಿನೊಳಗೆ ಸಾಗುತ್ತದೆ. ಮಂಜಿರುವ ಮುಂಜಾವಿನಲ್ಲಿ ಮೊದಲು ಕೆಂಪು ದೀಪವೊಂದೇ ತೇಲಿದಂತೆ ಕಂಡು, ಆಮೇಲೆ ಅದರ ಕಂಬ, ಏಣಿ, ಹಿಂದಿನ ಮರಗಳು ಒಂದೊಂದಾಗಿ ಮೂಡುತ್ತವೆ. ಆದರೆ ಕ್ಯಾಮೆರಾ ಕತ್ತಲೆಯನ್ನು ಲೆಕ್ಕಹಾಕಿ ಹೆಚ್ಚು ಬೆಳಕು ಎಳೆದುಕೊಳ್ಳುವುದರಿಂದ ಕೆಂಪು ದೀಪ ಬಿಳಿಚಿಕೊಳ್ಳುತ್ತದೆ. ಎಕ್ಸ್‌ಪೋಶರನ್ನು, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು, ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ತಗ್ಗಿಸಿದರೆ ಮಾತ್ರ ಬಣ್ಣ ಉಳಿಯುತ್ತದೆ. ಗೋವಾ, ಹುಬ್ಬಳ್ಳಿ, ಮೀರಜ್ ದಾರಿಗಳು ಕೂಡುವ ಲೋಂಡಾ ಜಂಕ್ಷನ್‌ನಲ್ಲಿ ಸಿಗ್ನಲ್‌ಗಳಿಗೇನೂ ಕೊರತೆಯಿಲ್ಲ.

ವಿಜಯಪುರದ ಕಡೆ ಬಯಲುಸೀಮೆ. ಅಲ್ಲಿ ಜೋಳದ ಹೊಲಗಳ ನಡುವೆ ದೂರದ ಸಿಗ್ನಲ್‌ನ ಜೋಡಿ ಹಳದಿ ದೀಪವೂ ಸ್ಪಷ್ಟವಾಗಿ ಸಿಗುತ್ತದೆ. ನಿಲ್ದಾಣದ ಹಳದಿ ನಾಮಫಲಕದ ಕೆಳಗೆ ಬರೆದಿರುವ ಸಮುದ್ರಮಟ್ಟದಿಂದ ಎತ್ತರದ ಸಾಲನ್ನು ಚಿತ್ರದಿಂದ ಕತ್ತರಿಸಬೇಡಿ; ನನಗೆ ಅದು ನಿಲ್ದಾಣದ ಹೆಸರಿನಷ್ಟೇ ಪ್ರಿಯ. ಆಲಮಟ್ಟಿ ದಾಟಿದೊಡನೆ ಕೃಷ್ಣೆಯ ಸೇತುವೆ ಬರುತ್ತದೆ. ರೈಲು ದಕ್ಷಿಣಕ್ಕೆ ಸಾಗುವುದರಿಂದ ಬೆಳಿಗ್ಗೆ ಬಲಗಡೆಯ ಕಿಟಕಿ ಹಿಡಿದರೆ ಸೂರ್ಯ ಬೆನ್ನಿಗಿರುತ್ತಾನೆ.

ಮೊದಲ ಬಾರಿಗೆ ಹೊರಟವರಿಗೆ ನಾನು ಆಲಮಟ್ಟಿ ದಾರಿಯನ್ನೇ ಹೇಳುತ್ತೇನೆ; ಮಂಜು ಬಾರದಿದ್ದರೂ ಅಲ್ಲಿ ದಿನ ವ್ಯರ್ಥವಾಗದು. ಎಲ್ಲಿಗೆ ಹೋದರೂ ಹಳಿಗೆ ಇಳಿಯಬೇಡಿ, 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅದು ಅಪರಾಧ.