ನಮ್ಮ ಸೆಕೆಗೆ ಯಾವ ಫಝ್ ಫೇಸ್: ಜರ್ಮೇನಿಯಮ್ಮೋ, ಸಿಲಿಕಾನೋ?

ಫಝ್ ಫೇಸ್ ಎಂದರೆ ಗಿಟಾರಿನ ಸದ್ದನ್ನು ಬೇಕೆಂದೇ ಒಡೆದು ದಪ್ಪಗಾಗಿಸುವ, ಕಾಲಿನಿಂದ ಒತ್ತುವ ಪೆಡಲ್. ಡನ್‌ಲಪ್ ಕಂಪನಿಯ ಕೆಂಪು ಫಝ್ ಫೇಸ್, ಅಂದರೆ ಜರ್ಮೇನಿಯಂ ಟ್ರಾನ್ಸಿಸ್ಟರಿನ ಜೆಡಿಎಫ್2 ಮಾದರಿ, ತುಂಬಾ ಚೆಂದದ್ದು. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರು ಉಡುಪಿಯ ಎಸಿ ಇಲ್ಲದ ಸಭಾಂಗಣಗಳಲ್ಲಿ ನುಡಿಸುವವರು ಅದನ್ನು ಕೊಳ್ಳುವ ಮೊದಲು ಎರಡು ಸಲ ಯೋಚಿಸಬೇಕು. ಸ್ಟೇಜಿಗೆ ಅದೇ ಕಂಪನಿಯ ಸಿಲಿಕಾನ್ ಮಿನಿ, ಎಫ್‌ಎಫ್‌ಎಂ1, ಹೆಚ್ಚು ನಂಬಿಕಸ್ಥ.

ಫಝ್ ಫೇಸ್ ಹುಟ್ಟಿದ್ದು 1966ರಲ್ಲಿ, ಲಂಡನ್ನಿನ ಆರ್ಬಿಟರ್ ಕಂಪನಿಯಲ್ಲಿ. ಮೈಕ್ ಸ್ಟ್ಯಾಂಡಿನ ದುಂಡಗಿನ ಬುಡವೇ ಅದರ ಆಕಾರಕ್ಕೆ ಮಾದರಿ. ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಕಾಲಡಿಗೆ ಬಂದ ಮೇಲೆ ಅದು ಸೈಕೆಡೆಲಿಕ್ ರಾಕಿನ ಗುರುತೇ ಆಗಿಹೋಯಿತು. ಗಿಟಾರಿನ ಸ್ವರ ಮೀಟಿದ ಕೂಡಲೇ ಸಾಯದೆ, ದಪ್ಪಗಾಗಿ, ಉಸಿರು ಕೊಟ್ಟ ವಾದ್ಯದ ಹಾಗೆ ಎಳೆಯುತ್ತದೆ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳಿ ಬೆಳೆದ ಊರಿನ ಕಿವಿಗೆ ಈ ಎಳೆತ ಹೊಸದೇನಲ್ಲ.

ಒಳಗೆ ಇರುವುದು ಬೆರಳೆಣಿಕೆಯ ಬಿಡಿಭಾಗ: ಎರಡು ಟ್ರಾನ್ಸಿಸ್ಟರ್, ಮೂರು ಕೆಪಾಸಿಟರ್, ನಾಲ್ಕು ರೆಸಿಸ್ಟರ್, ಎರಡು ಪಾಟ್ (ಗುಂಡಿ ತಿರುಗಿಸಿ ಹೆಚ್ಚುಕಡಿಮೆ ಮಾಡುವ ರೆಸಿಸ್ಟರ್). ಮೊದಲ ಕಾಲದ ಪೆಡಲುಗಳಲ್ಲಿ ಎನ್‌ಕೆಟಿ275 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುತ್ತಿತ್ತು. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿನಲ್ಲಿ ಬ್ಯಾಟರಿಯ ಅರ್ಧ, ಅಂದರೆ ಸುಮಾರು 4.5 ವೋಲ್ಟ್ ಇದ್ದರೆ ಪೆಡಲ್ ಹದದಲ್ಲಿದೆ ಎಂದರ್ಥ. ಸೆಕೆ ಕೈ ಹಾಕುವುದು ಇಲ್ಲಿಗೇ. ಜರ್ಮೇನಿಯಮ್ಮಿನ ಸೋರಿಕೆ ಕರೆಂಟ್, ಅಂದರೆ ಬೇಡದಿದ್ದರೂ ಹರಿಯುವ ಕರೆಂಟ್, ಸರಿಸುಮಾರು ಪ್ರತಿ 10 ಡಿಗ್ರಿ ಸೆಲ್ಸಿಯಸ್ಸಿಗೆ ಇಮ್ಮಡಿಯಾಗುತ್ತದೆ. 20 ಡಿಗ್ರಿಯ ಕೋಣೆಯಲ್ಲಿ ಹದ ಮಾಡಿದ ಪೆಡಲನ್ನು 35 ಡಿಗ್ರಿಯ ಸ್ಟೇಜಿಗೆ, ಅದೂ ಲೈಟುಗಳ ಕೆಳಗೆ ತಂದಿಟ್ಟರೆ ಸೋರಿಕೆ ಹತ್ತಿರಹತ್ತಿರ ಮೂರು ಪಟ್ಟು. ಆಗ ಆ 4.5 ವೋಲ್ಟ್ ಜಾಗ ಬಿಟ್ಟು ಜಾರುತ್ತದೆ. ಸ್ವರದ ಬಾಲ ತುಂಡಾಗುತ್ತದೆ, ಎಳೆಯಬೇಕಾದ ಕಡೆ ಪರಪರ ಹರಿದ ಸದ್ದು ಬರುತ್ತದೆ. ಪೆಡಲ್ ಕೆಟ್ಟಿತೆಂದು ರಿಪೇರಿಗೆ ಓಡಬೇಡಿ. ತಂಪು ಜಾಗದಲ್ಲಿ ಅರ್ಧ ಗಂಟೆ ಇಟ್ಟು ಮತ್ತೆ ನುಡಿಸಿ ನೋಡಿ, ಹೆಚ್ಚಿನ ಸಲ ಸರಿಯಾಗಿರುತ್ತದೆ.

ಶಾಶ್ವತ ಪರಿಹಾರ ಬೇಕೆಂದರೆ ಮೂಲ ಸರ್ಕಿಟಿನ 8.2 ಕಿಲೋ ಓಮ್ ರೆಸಿಸ್ಟರಿನ ಜಾಗಕ್ಕೆ 20 ಕಿಲೋ ಓಮ್ ಟ್ರಿಮ್ ಪಾಟ್ (ಒಳಗೇ ತಿರುಗಿಸಿ ಹೊಂದಿಸುವ ಪುಟ್ಟ ಪಾಟ್) ಹಾಕಿಸಬಹುದು. ಮಲ್ಟಿಮೀಟರ್ ಹಿಡಿದು, ನುಡಿಸುವ ಜಾಗದ ಸೆಕೆಯಲ್ಲೇ 4.5ಕ್ಕೆ ತಿರುಗಿಸಬೇಕು, ಫ್ಯಾನಿನ ಕೆಳಗೆ ಮನೆಯಲ್ಲಿ ಮಾಡಿದ ಹದ ಸಭಾಂಗಣದಲ್ಲಿ ನಿಲ್ಲುವುದಿಲ್ಲ. ಬೆಸುಗೆಯ ಬಿಸಿಗೆ ಜರ್ಮೇನಿಯಂ ಬೇಗ ಸಾಯುತ್ತದೆ, ಆದ್ದರಿಂದ ಟ್ರಾನ್ಸಿಸ್ಟರಿನ ಕಾಲಿಗೆ ಬಿಸಿ ಹೀರುವ ಲೋಹದ ಕ್ಲಿಪ್ ಸಿಕ್ಕಿಸಿಯೇ ಕೆಲಸ ಮಾಡಬೇಕು. ವಾರಂಟಿ ಇರುವವರೆಗೆ ಇದಕ್ಕೆ ಕೈ ಹಾಕದಿರುವುದೇ ಮೇಲು.

ಸಿಲಿಕಾನಿನಲ್ಲಿ ಈ ರಗಳೆ ಇಲ್ಲ. ಸೋರಿಕೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ. "ಅದು ಅರುವತ್ತರ ದಶಕದ ನಿಜವಾದ ಸದ್ದಲ್ಲ" ಎನ್ನುವವರಿದ್ದಾರೆ, ಆ ಮಾತು ತಪ್ಪು. ಆ ದಶಕ ಮುಗಿಯುವ ಮೊದಲೇ ಆರ್ಬಿಟರ್ ಕಂಪನಿ ಬಿಸಿ108ರಂಥ ಸಿಲಿಕಾನ್ ಟ್ರಾನ್ಸಿಸ್ಟರಿಗೆ ಬದಲಾಗಿತ್ತು, ಹೆಂಡ್ರಿಕ್ಸ್ ಕೂಡ ಅದನ್ನು ನುಡಿಸಿದ್ದಾನೆ. 1968ರಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡ್ ಸೇರಿದ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಕೂಡ ಮುಂದೆ ಬಿಸಿ108ರ ಫಝ್ ಫೇಸನ್ನು ಬಳಸಿದ್ದಾನೆ. ಸಿಲಿಕಾನಿನ ಕುಂದು ಬೇರೆ: ಸದ್ದು ಹೆಚ್ಚು ಚೂಪು, ಹಿಸ್ಸೆನ್ನುವ ಗದ್ದಲವೂ ಜಾಸ್ತಿ. ಗಿಟಾರಿನ ವಾಲ್ಯೂಮನ್ನು 10ರಿಂದ 6 ಅಥವಾ 7ಕ್ಕೆ ಇಳಿಸಿದಾಗ ಜರ್ಮೇನಿಯಂ ಗಂಟೆಯಂಥ ಶುಭ್ರ ಸ್ವರ ಕೊಡುತ್ತದೆ. ಸಿಲಿಕಾನ್ ಅಷ್ಟು ಮೃದುವಾಗಿ ಬಿಟ್ಟುಕೊಡುವುದಿಲ್ಲ. ಎಸಿ ಕೋಣೆಯಲ್ಲಿ ರೆಕಾರ್ಡಿಂಗ್ ಮಾಡುವವರು ಈ ಒಂದೇ ಗುಣಕ್ಕಾಗಿ ಕೆಂಪು ಪೆಡಲನ್ನು ಕೊಳ್ಳಬಹುದು.

ಪವರ್ ವಿಷಯ. ಜೆಡಿಎಫ್2 ಓಡುವುದು 9 ವೋಲ್ಟ್ ಬ್ಯಾಟರಿಯಲ್ಲಿ ಮಾತ್ರ, ಅಡಾಪ್ಟರ್ ತೂತಿಲ್ಲ. ಎಳೆಯುವ ಕರೆಂಟ್ ತೀರಾ ಕಡಿಮೆಯಾದ್ದರಿಂದ ಅಂಗಡಿಯ ಅಗ್ಗದ ಕಾರ್ಬನ್ ಬ್ಯಾಟರಿಯೇ ತಿಂಗಳುಗಟ್ಟಲೆ ಸಾಕು. ಆದರೆ ಇನ್‌ಪುಟ್ ಜ್ಯಾಕೇ ಅದರ ಸ್ವಿಚ್ಚು. ನುಡಿಸಿ ಮುಗಿದ ಕೂಡಲೇ ಕೇಬಲ್ ಕಿತ್ತಿಡದಿದ್ದರೆ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ. ಮಿನಿಗೆ ಅಡಾಪ್ಟರ್ ಜ್ಯಾಕೂ ಇದೆ, ಎಲ್‌ಇಡಿಯೂ ಇದೆ. ಕತ್ತಲ ಸ್ಟೇಜಿನಲ್ಲಿ ಆ ಎಲ್‌ಇಡಿಯ ಉಪಕಾರ ದೊಡ್ಡದು.

ಪೆಡಲುಗಳ ಸಾಲಿನಲ್ಲಿ ಫಝ್ ಫೇಸ್ ಗಿಟಾರಿಗೆ ನೇರ ತಾಗಿ ಮೊದಲನೆಯದಾಗಿರಲಿ. ಅದರ ಇನ್‌ಪುಟ್ ಇಂಪಿಡೆನ್ಸ್, ಅಂದರೆ ಒಳಬರುವ ಸಿಗ್ನಲಿಗೆ ಒಡ್ಡುವ ತಡೆ, ಕೆಲವೇ ಕಿಲೋ ಓಮ್. ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಗಿಟಾರಿನ ಪಿಕಪ್ ಜೊತೆ ನೇರ ಸೇರಿದರೆ ಮಾತ್ರ ವಾಲ್ಯೂಮ್ ಇಳಿಸಿದಾಗ ಶುಭ್ರವಾಗುವ ಆ ಗುಣ ಸಿಗುತ್ತದೆ. ನಡುವೆ ಬಫರ್ (ಸಿಗ್ನಲನ್ನು ಬಲಪಡಿಸಿ ಮುಂದೆ ಕಳಿಸುವ ಸರ್ಕಿಟ್) ಇರುವ ಟ್ಯೂನರ್ ಇಟ್ಟರೆ ಸ್ವರ ಚುಚ್ಚುತ್ತದೆ. ಕಾಲಿನಿಂದ ತುಳಿದು ಸ್ವರವನ್ನು 'ವಾ ವಾ' ಎನಿಸುವ ವಾ ಪೆಡಲನ್ನು ಗಿಟಾರಿಗೂ ಫಝ್ ಫೇಸಿಗೂ ನಡುವೆ ಇಟ್ಟರೆ ವಾ ತೆರೆಯುವುದೇ ಇಲ್ಲ, ಕೆಲವೊಮ್ಮೆ ಕೀರಲು ಶಿಳ್ಳೆಯೂ ಏಳುತ್ತದೆ.

ಇಲ್ಲಿನ ಮದುವೆ ಬ್ಯಾಂಡುಗಳಲ್ಲಿ, ಚರ್ಚ್ ಬ್ಯಾಂಡುಗಳಲ್ಲಿ ಗಿಟಾರನ್ನು ಸೀದಾ ಮಿಕ್ಸರಿಗೆ ಚುಚ್ಚುವ ರೂಢಿಯಿದೆ. ಫಝ್ ಪೆಡಲಿಗೆ ಇದರಷ್ಟು ದೊಡ್ಡ ಅನ್ಯಾಯ ಬೇರೆ ಇಲ್ಲ. ಗಿಟಾರ್ ಆಂಪಿನ ಸ್ಪೀಕರ್ 5 ಕಿಲೋಹರ್ಟ್ಸ್ ಆಚೆಯ ಸದ್ದನ್ನು ತಾನಾಗಿ ಕಡಿದುಬಿಡುತ್ತದೆ. ಮಿಕ್ಸರಿಗೆ ಸೇರಿದ ಪಿಎ ಸ್ಪೀಕರ್, ಅಂದರೆ ಸಭಿಕರಿಗೆ ಕೇಳಿಸುವ ದೊಡ್ಡ ಸ್ಪೀಕರ್, ಕಡಿಯುವುದಿಲ್ಲ; ಡಬ್ಬಿಯೊಳಗೆ ಕಣಜ ಹಾರಿದಂತೆ ಕೇಳಿಸುತ್ತದೆ. ಆಂಪಿಗೆ ಮೈಕ್ ಇಡುವುದು ಉತ್ತಮ. ಆಗದಿದ್ದರೆ ಪೆಡಲುಗಳ ಕೊನೆಗೆ ಗಿಟಾರ್ ಸ್ಪೀಕರಿನ ಸದ್ದನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಟರ್ ಹಾಕಿ. ಅದೂ ಇಲ್ಲದಿದ್ದರೆ ಮಿಕ್ಸರಿನಲ್ಲಿ 5 ಕಿಲೋಹರ್ಟ್ಸ್ ಮೇಲಿನದ್ದನ್ನು ಪೂರ್ತಿ ಇಳಿಸಿ.

ಮಳೆಗಾಲದಲ್ಲಿ ಜ್ಯಾಕಿಗೆ ಕಿಲುಬು, ಪಾಟಿಗೆ ಕರಕರ ಖಂಡಿತ. ಜೂನ್ ಬರುವ ಮೊದಲು ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿ ಆಡದ ಡಬ್ಬಿಯಲ್ಲಿಡಿ. ಕರಕರ ಶುರುವಾಗಿದ್ದರೆ ಪಾಟಿನೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು ಬಿಟ್ಟು, ಗುಂಡಿಯನ್ನು 20 ಸಲ ಆಚೀಚೆ ತಿರುಗಿಸಿ.

ಕೊಳ್ಳುವಾಗ ಎಸಿ ಶೋರೂಮಿನಲ್ಲಿ ಕೇಳಿ ಮರುಳಾಗಬೇಡಿ. ಒಪ್ಪಿದರೆ ಕೆಂಪು ಪೆಡಲನ್ನು ಅಂಗಡಿಯ ಹೊರಗೆ, ಫ್ಯಾನಿಲ್ಲದ ಜಾಗದಲ್ಲಿ ಅರ್ಧ ಗಂಟೆ ಇಟ್ಟು, ಅದೇ ಗಿಟಾರಿನಲ್ಲಿ ಅದೇ ಸ್ವರವನ್ನು ಮತ್ತೊಮ್ಮೆ ಎಳೆದು ನೋಡಿ.