ಲಿಂಕ್ಡ್‌ಇನ್: ದುಡ್ಡು ಕೊಡೋ ಮೊದಲು ಹೆಡ್‌ಲೈನ್ ಸರಿಮಾಡಿ

ಕೆಲಸ ಹುಡುಕುವವರಿಗೆ ಲಿಂಕ್ಡ್‌ಇನ್ ಅನ್ನೋ ಉದ್ಯೋಗ-ಸಂಪರ್ಕದ ಸೈಟ್ ಬೇಕಾ ಅಂದರೆ, ಬೇಕು. ದುಡ್ಡು ಕೊಟ್ಟು ಅದರ ಪ್ರೀಮಿಯಂ ತಗೋಬೇಕಾ ಅಂದರೆ, ಸ್ವಲ್ಪ ತಡೀರಿ. ಫ್ರೀಯಾಗಿ ಸಿಗೋ ಜಾಗವನ್ನೇ ಎಷ್ಟೋ ಜನ ಖಾಲಿ ಬಿಟ್ಟಿರುತ್ತಾರೆ.

ದಾವಣಗೆರೆಯಲ್ಲಿ ಬಿಕಾಂ ಮುಗಿಸಿ ಅಲ್ಲೇ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡುತ್ತಿರುವ ನಮ್ಮ ಚಿಕ್ಕಮ್ಮನ ಮಗಳ ಪ್ರೊಫೈಲ್ ತೆಗೆದು ನೋಡಿದೆ. ಹೆಸರಿನ ಕೆಳಗೆ ಹೆಡ್‌ಲೈನ್‌ನಲ್ಲಿ 'ಹಾರ್ಡ್‌ವರ್ಕಿಂಗ್ ಫ್ರೆಶರ್' ಅಂತಿತ್ತು. ಕೆಲಸದಲ್ಲಿ ಇರೋಳು ಫ್ರೆಶರ್ ಹೇಗಾಗ್ತಾಳೆ? ಅದೂ ಅಲ್ಲದೆ ಎಚ್‌ಆರ್‌ನವರು ಹಾರ್ಡ್‌ವರ್ಕಿಂಗ್ ಅಂತ ಟೈಪ್ ಮಾಡಿ ಯಾರನ್ನೂ ಹುಡುಕಲ್ಲ, ಅವರು ಹುಡುಕೋದು ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್), ಜಿಎಸ್‌ಟಿ, ಟಿಡಿಎಸ್ ಥರದ ಪದಗಳನ್ನ. ಹೆಡ್‌ಲೈನ್‌ನಲ್ಲಿ 220 ಕ್ಯಾರೆಕ್ಟರ್ ಹಿಡಿಯುತ್ತೆ, ಇವೆಲ್ಲ ಆರಾಮಾಗಿ ಕೂರುತ್ತವೆ.

ಅಬೌಟ್ ಭಾಗದಲ್ಲಿ ಏನು ಬರೀಲಿ ಅಂತ ಅವಳಿಗೆ ತೋಚಲಿಲ್ಲ. ನೀನು ದಿನಾ ಮಾಡೋದೇನು ಅಂತ ಕೇಳಿದ್ದಕ್ಕೆ, 'ಅಂಗಡಿಯವರು ಬಿಲ್ಲುಗಳನ್ನೆಲ್ಲ ಕವರ್‌ನಲ್ಲಿ ತುಂಬಿ ತಂದುಕೊಡ್ತಾರಣ್ಣ, ಜೋಡಿಸಿ ಎಂಟ್ರಿ ಮಾಡ್ಬೇಕು, 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 ಹೋಗ್ಬೇಕು, 20ಕ್ಕೆ 3ಬಿ, ಆ ಟೈಮಲ್ಲಿ ಊಟಕ್ಕೂ ಪುರುಸೊತ್ತಿರಲ್ಲ' ಅಂದಳು (ಜಿಎಸ್‌ಟಿಆರ್-1, 3ಬಿ ಅಂದರೆ ಸಲ್ಲಿಸಬೇಕಾದ ಜಿಎಸ್‌ಟಿ ರಿಟರ್ನ್‌ಗಳು). ಊಟದ ಮಾತೊಂದು ಬಿಟ್ಟು ಉಳಿದದ್ದನ್ನೆಲ್ಲ ಸರಳ ಇಂಗ್ಲಿಷಿನಲ್ಲಿ ಹಾಕಿದೆವು. ಆ ಎಐ ಬರೆದುಕೊಡೋ ಪ್ಯಾಷನೇಟ್, ಡೈನಾಮಿಕ್ ಪ್ಯಾರಾಗಳಿಗಿಂತ ಇದು ಎಷ್ಟೋ ವಾಸಿ, ಇಂಟರ್‌ವ್ಯೂನಲ್ಲಿ ಕೇಳಿದರೂ ತಡವರಿಸದೆ ಹೇಳಬಹುದು.

ಕೆಲಸ ಹುಡುಕ್ತಿದ್ದೀನಿ ಅಂತ ತೋರಿಸೋ 'ಓಪನ್ ಟು ವರ್ಕ್' ಸೆಟ್ಟಿಂಗ್ ಬಗ್ಗೆ ಒಂದು ಎಚ್ಚರಿಕೆ. ಎಲ್ಲರಿಗೂ ಕಾಣಲಿ ಅಂತ ಒತ್ತಿದರೆ ಫೋಟೊ ಸುತ್ತ ಹಸಿರು ಪಟ್ಟಿ ಬರುತ್ತೆ, ಈಗಿನ ಬಾಸ್ ಕಣ್ಣಿಗೂ ಬೀಳುತ್ತೆ. ರಿಕ್ರೂಟರ್‌ಗಳಿಗೆ ಮಾತ್ರ ಅನ್ನೋ ಆಯ್ಕೆ ಬೇರೆ ಇದೆ. ಅದನ್ನಿಟ್ಟರೂ ನಿಮ್ಮ ಕಂಪನಿಯವರಿಗೆ ಗೊತ್ತಾಗೋದೇ ಇಲ್ಲ ಅಂತ ಗ್ಯಾರಂಟಿ ಕೊಡಲ್ಲ, ಹಾಗಂತ ಲಿಂಕ್ಡ್‌ಇನ್‌ನವರೇ ಹೇಳಿದ್ದಾರೆ. ಪ್ರೊಫೈಲ್ ತಿದ್ದುವಾಗ ನೆಟ್‌ವರ್ಕ್‌ಗೆ ತಿಳಿಸೋ ಬಟನ್ ಕೂಡ ಆಫ್ ಮಾಡಿ, ಇಲ್ಲಾಂದ್ರೆ ಹೊಸ ಕೆಲಸ ಸಿಕ್ತಾ ಅಂತ ಕಂಗ್ರಾಟ್ಸ್ ಶುರುವಾಗುತ್ತೆ.

ಪ್ರೀಮಿಯಂನಲ್ಲಿ ಯಾರು ಪ್ರೊಫೈಲ್ ನೋಡಿದರು ಅನ್ನೋ ಪಟ್ಟಿ, ಪರಿಚಯ ಇಲ್ಲದವರಿಗೆ ಇನ್‌ಮೇಲ್ (ಲಿಂಕ್ಡ್‌ಇನ್ ಒಳಗಿನ ಮೆಸೇಜ್) ಕಳಿಸೋ ಅವಕಾಶ ಇತ್ಯಾದಿ ಇವೆ. ಸೀನಿಯರ್ ಹುದ್ದೆಗೆ ಉಪಯೋಗ ಆಗಬಹುದು, ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಸುಮ್ನೆ ಖರ್ಚು. ಫ್ರೀ ಟ್ರಯಲ್ ಅಂದರೂ ಮೊದಲೇ ಕಾರ್ಡ್ ವಿವರ ಕೊಡಬೇಕು, ಮುಗಿಯೋದರೊಳಗೆ ಕ್ಯಾನ್ಸಲ್ ಮಾಡದಿದ್ದರೆ ದುಡ್ಡು ಕಟ್ ಆಗುತ್ತೆ.

ಜೊತೆಗೆ ನೌಕ್ರಿ ಅನ್ನೋ ಜಾಬ್ ಸೈಟ್‌ನಲ್ಲೂ ಒಂದು ಪ್ರೊಫೈಲ್ ಇರಲಿ. ನೋಟಿಸ್ ಪೀರಿಯಡ್ ಎಷ್ಟು, ಈಗಿನ ಸಂಬಳ ಎಷ್ಟು ಅಂತ ಅಲ್ಲಿ ನೇರವಾಗೇ ಕೇಳುತ್ತಾರೆ, ನಮ್ಮ ಕಡೆ ಎಚ್‌ಆರ್‌ಗಳು ಫೋನಲ್ಲಿ ಮೊದಲು ಕೇಳೋದೂ ಅದನ್ನೇ ಅಲ್ವಾ.

ಇನ್ನೊಂದು ತಕರಾರಿದೆ. ಲಿಂಕ್ಡ್‌ಇನ್‌ನವರು ಬೆಂಗಳೂರಲ್ಲೇ ದೊಡ್ಡ ಆಫೀಸ್ ಇಟ್ಟುಕೊಂಡಿದ್ದಾರೆ, 2021ರಲ್ಲೇ ಆ್ಯಪ್‌ಗೆ ಹಿಂದಿ ತಂದರು, ಆಮೇಲೆ ತೆಲುಗು, ಮರಾಠಿಯೂ ಬಂದವು. ಭಾಷೆ ಆರಿಸೋ ಪಟ್ಟಿಯಲ್ಲಿ ನಾನು ನೋಡಿದಾಗ ಕನ್ನಡ ಇರಲಿಲ್ಲ. ಇದಕ್ಕೆ ಒಂದು ಸ್ಟಾರ್ ಕಟ್, ಐದಕ್ಕೆ ನಾಲ್ಕು.