ಹಳೇ ಟ್ರೀಟೆಡ್ ಮರದ ಚೂರುಗಳಿಗೆ ಬೆಂಕಿ ಹಚ್ಚಲು ಬಿಡಬೇಡಿ

ಮನೆಯ ಹೊರಗಿನ ಹಳೇ ಮರದ ಡೆಕ್ (ಹಲಗೆ ಹಾಸಿದ ಜಗಲಿ), ಪರ್ಗೋಲಾ (ಮರದ ಚಪ್ಪರ), ಬೇಲಿ ಕಂಬ ಇಂಥದ್ದನ್ನು ಬಿಚ್ಚಿಸಲು ಹೊರಟಿರುವವರು ಕೆಲಸ ಶುರುವಾಗುವ ಮೊದಲೇ ಇದನ್ನು ಓದಿಬಿಡಿ. ನಮ್ಮ ಡೆಕ್ ಬಿಚ್ಚಿದ ಕಂಟ್ರಾಕ್ಟರ್ ಹೆಸರು ಮಾತ್ರ ಕೇಳಬೇಡಿ. ಆತ ಮಾಡಿದ್ದನ್ನೇ ಮಾಡುವವರು ಎಲ್ಲ ಕಡೆ ಇದ್ದಾರೆ.

ನಮ್ಮ ಮನೆಯ ಡೆಕ್ ಹಿಂದಿನ ಮಾಲೀಕರು ಕಟ್ಟಿಸಿದ್ದು. ಬಿಸಿಲು ಮಳೆಗೆ ಹಲಗೆಗಳು ಬೂದು ಬಣ್ಣಕ್ಕೆ ತಿರುಗಿ ಸೀಳು ಬಿಟ್ಟಿದ್ದವು. ಆದರೆ ಒಂದಕ್ಕೂ ಗೆದ್ದಲು ಹತ್ತಿರಲಿಲ್ಲ, ಮಣ್ಣಲ್ಲೇ ಹೂತಿದ್ದ ಕಂಬದ ಬುಡ ಕೂಡ ಗಟ್ಟಿಯಾಗಿತ್ತು. ಹಳೇ ಮೆದುಮರ ಇಷ್ಟು ಚೆನ್ನಾಗಿ ಉಳಿದಿದ್ದರೆ ಅದು ಗೆದ್ದಲು, ಕೊಳೆ ತಡೆಯಲು ಔಷಧಿ ಕುಡಿಸಿದ, ಅಂದರೆ ಟ್ರೀಟೆಡ್ ಮರ ಎಂದೇ ಲೆಕ್ಕ. ಹಾಗಾಗಿ ಬಿಚ್ಚುವ ಮೊದಲೇ ಕಂಟ್ರಾಕ್ಟರ್‌ಗೆ ಹೇಳಿದ್ದೆ, ಇದು ಟ್ರೀಟೆಡ್ ಮರ ಇದ್ದ ಹಾಗಿದೆ, ತುಂಡುಗಳನ್ನು ಬೇರೆ ಇಡಿ ಅಂತ. "ಆಯ್ತು ಸಾರ್, ಬಿಡಿ" ಅಂದರು. ಮಾರನೇ ದಿನ ಸಂಜೆ ಬಂದು ನೋಡಿದರೆ ಹಿತ್ತಲಲ್ಲಿ ಅರ್ಧ ರಾಶಿ ಉರಿದು ಮುಗಿದಿದೆ. ಆರಿದ ಬೂದಿಯನ್ನು ಸೊಪ್ಪಿನ ಮಡಿಗೆ ಎರಚಿಯೂ ಆಗಿತ್ತು. ಕೇಳಿದ್ದಕ್ಕೆ, "ಮರ ತಾನೇ ಸಾರ್, ಬೂದಿ ಗಿಡಕ್ಕೆ ಒಳ್ಳೇದು" ಎಂಬ ಉತ್ತರ. ಬೆಂಕಿ ನೋಡಿಕೊಂಡಿದ್ದ ಹುಡುಗ ಒಂದೇ ಸಮ ಕೆಮ್ಮುತ್ತಿದ್ದ, ಕಣ್ಣು ಕೆಂಪಾಗಿತ್ತು.

ಉಳಿದಿದ್ದ ತುಂಡೊಂದನ್ನು ಎತ್ತಿ, ಗರಗಸ ಹಾಕಿದ ತುದಿಯನ್ನು ನೋಡಿದೆ. ಹೊರಮೈ ಬೂದು. ಅದರ ಒಳಗೆ ಅಂಚಿನುದ್ದಕ್ಕೂ ಮಾಸಲು ಹಸಿರು ಪಟ್ಟಿ, ಬೆರಳಿನಷ್ಟು ದಪ್ಪ. ನಡುವೆ ಮಾತ್ರ ತಿಳಿ ಹಳದಿ ಕೆಚ್ಚು. ಒತ್ತಡ ಹಾಕಿ ಔಷಧಿ ಕುಡಿಸುವಾಗ ಸುತ್ತಲಿನ ಬಿಳಿ ಭಾಗ ಚೆನ್ನಾಗಿ ಹೀರಿಕೊಳ್ಳುತ್ತದೆ, ಕೆಚ್ಚು ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆ ಹಸಿರು ತಾಮ್ರದ್ದು. ಮೇಲ್ಮೈಯ ಬಣ್ಣ ಬಿಸಿಲಿಗೆ ಹೋಗಿಬಿಡುವುದರಿಂದ ಹೊರಗಿನಿಂದ ನೋಡಿ ಏನೂ ಹೇಳಲಾಗದು. ಬಣ್ಣ ಹೋಯಿತೆಂದರೆ ವಿಷವೂ ಹೋಯಿತು ಅಂತಲ್ಲ.

ಹಳೇ ಕಟ್ಟಡಗಳಲ್ಲಿ ಇಂಥ ಹಸಿರು ಮರ ಸಿಕ್ಕರೆ ಸಾಮಾನ್ಯವಾಗಿ ಅದು ಸಿಸಿಎ, ಅಂದರೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಸೇರಿದ ಔಷಧಿ. 1933ರಲ್ಲಿ ಇದನ್ನು ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. ಮರ ಉಳಿಸುವ ಕೆಲಸದಲ್ಲಿ ಅದಕ್ಕೆ ಸಾಟಿ ಸಿಗುವುದು ಕಷ್ಟವೇ, ಆ ಮಾತು ಒಪ್ಪಲೇಬೇಕು. ಆದರೂ ಆರ್ಸೆನಿಕ್ ಕಾರಣಕ್ಕೆ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಇದನ್ನು ಹಾಕುವುದು ನಿಂತಿತು, ಯುರೋಪಿನಲ್ಲಿ 2004ರಲ್ಲಿ ನಿರ್ಬಂಧ ಬಂತು. ಕೆಲವು ದೇಶಗಳಲ್ಲಿ ಈಗಲೂ ಬಳಕೆಯಲ್ಲಿದೆ.

ಪ್ರಮಾಣ ಎಷ್ಟು ಅಂತ ಗೊತ್ತಾದರೆ ಭಯ ತಾನಾಗಿ ಬರುತ್ತದೆ. ಮಣ್ಣಿಗೆ ತಾಗುವ ಮರಕ್ಕೆ ಘನ ಮೀಟರಿಗೆ 6.4 ಕಿಲೋ ಔಷಧಿ ಕುಡಿಸುವುದು ರೂಢಿ. ಅದರಲ್ಲಿ ಬರೀ ಆರ್ಸೆನಿಕ್ಕೇ ಸುಮಾರು 1.4 ಕಿಲೋ ಆಗುತ್ತದೆ. ಮರದ ನಾರಿಗೆ ಕಚ್ಚಿಕೊಂಡಿರುವಷ್ಟು ಕಾಲ ಅದು ಬಿಟ್ಟುಕೊಡುವುದು ಅಲ್ಪಸ್ವಲ್ಪ. ಸುಟ್ಟಾಗ ನಾರು ಹೋಗುತ್ತದೆ, ಲೋಹ ಮಾತ್ರ ನಾಶವಾಗುವುದಿಲ್ಲ. ಆರ್ಸೆನಿಕ್ಕಿನ ಒಂದು ಪಾಲು ಹೊಗೆಯಲ್ಲಿ ಮೇಲೇಳುತ್ತದೆ, ಮಿಕ್ಕಿದ್ದೆಲ್ಲ ಒಂದೆರಡು ಬುಟ್ಟಿ ಬೂದಿಯಲ್ಲಿ ಒಟ್ಟಾಗುತ್ತದೆ. ಮಳೆ ಬಿದ್ದರೆ ಆ ಬೂದಿಯಿಂದ ನೀರಿಗಿಳಿಯುವುದು ಮರದಿಂದ ಇಳಿಯುವುದಕ್ಕಿಂತ ಎಷ್ಟೋ ಸಲೀಸು. ಇಂಥ ಬೂದಿಯನ್ನು ಉಪ್ಪುಪ್ಪೆಂದು ನೆಕ್ಕಿ ದನಕರು ಸತ್ತ ಪ್ರಸಂಗಗಳಿವೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಂದು ಕುಟುಂಬ ಚಳಿಗಾಲದಲ್ಲಿ ಈ ಮರವನ್ನೇ ಒಲೆಗೆ ಹಾಕುತ್ತಿತ್ತು. ಮನೆಮಂದಿಗೆಲ್ಲ ಕೂದಲು ಉದುರುವುದು, ಮೂಗಿನಲ್ಲಿ ರಕ್ತ, ಚರ್ಮದ ತೊಂದರೆ, ಮತ್ತೆ ಮತ್ತೆ ಶ್ವಾಸಕೋಶದ ಸೋಂಕು. 1984ರಲ್ಲಿ ವೈದ್ಯರು ಅದನ್ನು ವರದಿ ಮಾಡಿದರು.

ನಾವು ಮಡಿಯ ಮಣ್ಣನ್ನೂ ದೂರದ ಮೂಲೆಯ ಮಣ್ಣನ್ನೂ ಬೇರೆಬೇರೆ ಚೀಲದಲ್ಲಿ ತುಂಬಿ ಲ್ಯಾಬಿಗೆ ಕೊಟ್ಟೆವು. ಮೂಲೆಯ ಮಣ್ಣು ಸರಿಯಾಗಿತ್ತು. ಮಡಿಯ ಮಣ್ಣಿನಲ್ಲಿ ಆರ್ಸೆನಿಕ್, ಕ್ರೋಮಿಯಂ, ತಾಮ್ರ ಮೂರೂ ಒಟ್ಟಿಗೆ ಏರಿದ್ದವು. ಒಂದೇ ಏರಿದ್ದರೆ ಬೇರೆ ಕಾರಣ ಹುಡುಕಬಹುದಿತ್ತು, ಮೂರೂ ಏರಿದರೆ ಮೂಲ ಯಾವುದೆಂದು ಹೇಳಿದಂತೆಯೇ. ಮೇಲ್ಮಣ್ಣು ಕೆರೆಸಿ ಹೊರಹಾಕಿಸಬೇಕಾಯಿತು, ಸೊಪ್ಪೆಲ್ಲ ಕಿತ್ತೆಸೆದೆವು. ಕೆಮ್ಮುತ್ತಿದ್ದ ಹುಡುಗನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಮೂತ್ರ ಪರೀಕ್ಷೆಗೆ ಮುಂಚೆ ಕೆಲವು ದಿನ ಮೀನು ತಿನ್ನಬಾರದು ಎಂದರು. ಸಮುದ್ರದ ಮೀನಿನಲ್ಲಿರುವ ನಿರುಪದ್ರವಿ ಆರ್ಸೆನಿಕ್ಕೂ ಲೆಕ್ಕಕ್ಕೆ ಸೇರಿ ಫಲಿತಾಂಶ ಕೆಡುತ್ತದಂತೆ. ಅವನು ಚೇತರಿಸಿಕೊಂಡ.

ಇಷ್ಟಕ್ಕೇ ಮುಗಿಯಲಿಲ್ಲ. ಹೊಸ ಡೆಕ್ಕಿಗೆ ತಂದದ್ದು ಎಸಿಕ್ಯು ಎಂಬ ಬೇರೆ ಔಷಧಿ ಕುಡಿಸಿದ ಮರ. ಆರ್ಸೆನಿಕ್ ಇಲ್ಲ, ಆದರೆ ತಾಮ್ರ ಸಿಸಿಎಗಿಂತ ಜಾಸ್ತಿ. ಅದಕ್ಕೆ ಡಬ್ಬದಲ್ಲಿ ಉಳಿದಿದ್ದ ಮಾಮೂಲಿ ಹೊಳಪಿನ ಸ್ಕ್ರೂಗಳನ್ನೇ ಹೊಡೆದಿದ್ದರು. ಮಳೆಗಾಲ ಕಳೆದ ಮೇಲೆ ಒಂದು ಹಲಗೆ ಎದ್ದು ನಿಂತಿತು. ಸ್ಕ್ರೂ ತಿರುಗಿಸಿದರೆ ತಲೆ ಮಾತ್ರ ಕೈಗೆ ಬಂತು. ಇಕ್ಕಳ ಹಾಕಿ ಎಳೆದ ಕಾಂಡ ಪೆನ್ಸಿಲ್ ಕಡ್ಡಿಯಷ್ಟು ಸಣ್ಣಗಾಗಿತ್ತು. ತೇವದಲ್ಲಿ ತಾಮ್ರ ಸತುವನ್ನೂ ಉಕ್ಕನ್ನೂ ತಿಂದುಹಾಕುತ್ತದೆ. ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಗ್ಯಾಲ್ವನೈಸ್ಡ್ ಸ್ಕ್ರೂ ಬೇಕು, ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್. ತೊಲೆ ಹಿಡಿಯುವ ಕ್ಲ್ಯಾಂಪು, ಬೋಲ್ಟಿಗೂ ಇದೇ ಮಾತು. ಮೇಲೆ ಜನ ನಿಲ್ಲುವ ಜಾಗದಲ್ಲಿ ಈ ಉಳಿತಾಯ ಮಾಡುವವರನ್ನು ಏನೆಂದು ಕರೆಯಬೇಕೋ ತಿಳಿಯದು. ಇನ್ನೊಂದು: ಹೊಸ ಮರವನ್ನು ಕತ್ತರಿಸಿದ ತುದಿಗೆ ಕಾಪರ್ ನ್ಯಾಫ್ತನೇಟ್ ಎಂಬ ತಾಮ್ರದ ಔಷಧಿ ಬಳಿಯದಿದ್ದರೆ ಔಷಧಿ ಕುಡಿಯದ ಕೆಚ್ಚು ಬಯಲಾಗಿ, ಕೊಳೆ ಅಲ್ಲಿಂದಲೇ ಒಳಗೆ ಹೋಗುತ್ತದೆ.

ಟ್ರೀಟೆಡ್ ಮರ ಕತ್ತರಿಸುವುದಿದ್ದರೆ ಬಯಲಲ್ಲಿ, ಕೆಳಗೆ ಟಾರ್ಪಾಲ್ ಹಾಸಿಕೊಂಡು. ಹೊಟ್ಟು ಮಣ್ಣಿಗೆ ಬೀಳಬಾರದು. ಮುಖಕ್ಕೆ ಸುತ್ತಿದ ಬಟ್ಟೆ ಸಾಲದು, ಎನ್95 ಮಾಸ್ಕ್ ಬೇಕು. ಕೆಲಸದ ಬಟ್ಟೆ ಬೇರೆಯಾಗಿ ಒಗೆಯಿರಿ. ಹೊಟ್ಟನ್ನು ಪ್ರಾಣಿಗಳ ಕೊಟ್ಟಿಗೆಗೆ ಹಾಸುವುದು, ಗೊಬ್ಬರದ ಗುಂಡಿಗೆ ಹಾಕುವುದು ಎರಡೂ ಕೂಡದು. ಚಿಪ್ಪರ್‌ಗೆ (ಮರ ಚೂರು ಮಾಡುವ ಯಂತ್ರಕ್ಕೆ) ಹಾಕಿ ಗಿಡದ ಬುಡಕ್ಕೆ ಹರಡುವುದಂತೂ ಬೇಡವೇ ಬೇಡ, ಚೂರು ಸಣ್ಣದಾದಷ್ಟೂ ಸೋರುವುದು ಜಾಸ್ತಿ. ತುಂಡುಗಳನ್ನು ಮಾಮೂಲಿ ಮರದ ಜತೆ ಬೆರೆಸದೆ ಮುಚ್ಚಿಟ್ಟು, ತಳಕ್ಕೆ ಸೋರದ ಪದರ ಹಾಸಿದ ಕಸದ ಭೂಭರ್ತಿಗೆ ಕಳಿಸಬೇಕು. ಎಲ್ಲಿಗೆ ಕೊಡಬೇಕೆಂದು ನಿಮ್ಮ ಸ್ಥಳೀಯ ಆಡಳಿತದವರನ್ನೇ ವಿಚಾರಿಸಿ. ಸೌದೆಗೆ ಆಗುತ್ತದೆ ಎಂದು ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ, ಕೊಡಬೇಡಿ. ಕ್ರಿಯೋಸೋಟ್ (ಟಾರಿನಿಂದ ತೆಗೆದ ಎಣ್ಣೆ) ಬಳಿದ ಹಳೇ ರೈಲ್ವೆ ಸ್ಲೀಪರ್‌ಗಳಿಗೂ ಇದೇ ನಿಯಮ.

ಮಣ್ಣು ತೆಗೆಸಿದ ಖರ್ಚಿನಲ್ಲಿ ಪಾಲು ಕೇಳಿದಾಗ ಕಂಟ್ರಾಕ್ಟರ್, ಸುಡಬೇಡಿ ಅಂತ ಬರವಣಿಗೆಯಲ್ಲಿ ಎಲ್ಲಿದೆ ತೋರಿಸಿ ಎಂದರು. ನೀವು ಕೆಲಸದ ಕರಾರಿನಲ್ಲೇ ಬರೆಸಿಕೊಳ್ಳಿ: "ಬಿಚ್ಚಿದ ಮರ, ಚೂರು, ಹೊಟ್ಟು ಯಾವುದನ್ನೂ ಸುಡುವಂತಿಲ್ಲ, ಹೂಳುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ವಿಲೇವಾರಿ ಜಾಗದ ರಸೀದಿ ತಂದುಕೊಟ್ಟ ಮೇಲೆಯೇ ಕೊನೆಯ ಕಂತು."